ಪೌಂಡಿನಲ್ಲಿ ಕನ್ನಡ

ಒಂದು ಪುಟದ ಕನ್ನಡ ಪತ್ರ. ಒಂದು ಕಚೇರಿಗೆ ಮುಟ್ಟಿಸಬೇಕಿತ್ತು. ಮೂರು ದಿನ ಹಿಡಿಯಿತು. ಅಂಚೆಯಣ್ಣನ ಕೈಗೆ ಕೊಟ್ಟಿದ್ದರೆ ರಕ್ತದೊತ್ತಡವಾದರೂ ಉಳಿಯುತ್ತಿತ್ತು.

ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಕಳಿಸಿದೆ. "ನಮ್ಮಲ್ಲಿ ಅದು ನಡೆಯಲ್ಲ ಸಾರ್, ನುಡಿಯಲ್ಲಿ ಕಳ್ಸಿ" ಅಂದರು. ಕನ್ನಡ ಯೂನಿಕೋಡ್ ಸೇರಿದ್ದು 1991ರಲ್ಲಿ. ಆ ವರ್ಷ ಹುಟ್ಟಿದ ಕೂಸೇ ಇವತ್ತು ಆ ಕುರ್ಚಿಯಲ್ಲಿ ಕೂತು "ನಡೆಯಲ್ಲ" ಅನ್ನುತ್ತಿರಬಹುದು. ನುಡಿ ತಂತ್ರಾಂಶದಲ್ಲೂ ಯೂನಿಕೋಡ್ ಇದೆಯಲ್ಲ ಸ್ವಾಮಿ ಅಂದೆ. ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ಸರಿ, ನುಡಿಯ ಹಳೇ ಫಾಂಟಿನಲ್ಲೇ ಕಳಿಸಿದೆ. ಪಕ್ಕದ ಮೇಜಿನ ಕಂಪ್ಯೂಟರಿನಲ್ಲಿ ತೆರೆದರು. ಅಲ್ಲಿ ಆ ಫಾಂಟೇ ಇಲ್ಲ. 'ಕನ್ನಡ' ಅನ್ನುವ ಮೂರಕ್ಷರ ಏಳು ತುಂಡಾಗಿ ಬಿದ್ದಿತ್ತು. ಮೊದಲು ಇಂಗ್ಲಿಷಿನ ಪಿ. ಆಮೇಲೆ ತಲೆಮೇಲೆ ಕಡ್ಡಿ ಹೊತ್ತ ಎ. ಅದರ ಪಕ್ಕ ಬ್ರಿಟಿಷರ ಪೌಂಡು! ಜರ್ಮನರದ್ದೂ ಒಂದಕ್ಷರ. ಹಳೇ ಫಾಂಟಿನ ಗುಟ್ಟೇ ಅದು: ಒಳಗಿರುವುದು ಪರದೇಶಿ ಅಕ್ಷರ, ಮೇಲೆ ಕನ್ನಡದ ವೇಷ. ಫಾಂಟ್ ಇಲ್ಲದ ಕಡೆ ವೇಷ ಕಳಚುತ್ತದೆ.

ಎದುರಿನ ಗೋಡೆಯಲ್ಲಿ ಮಾತ್ರ ಅಚ್ಚುಕಟ್ಟಾದ ಫಲಕ: ಕನ್ನಡದಲ್ಲೇ ವ್ಯವಹರಿಸಿ.

"ಸ್ಕ್ಯಾನ್ ಮಾಡಿ ಪಿಡಿಎಫ್ ಅಪ್‌ಲೋಡ್ ಮಾಡ್ಬಿಡಿ." ಮಾಡಿದೆ. 214 ಕೆಬಿ. ಮಿತಿ 200. ಕುಗ್ಗಿಸಿದೆ. 187. ಒಪ್ಪಿಕೊಂಡಿತು. ಮರುದಿನ ಫೋನು: "ಅಕ್ಷರ ಕಾಣಿಸ್ತಿಲ್ಲ, ಸ್ಪಷ್ಟವಾಗಿ ಕಳ್ಸಿ." ಸ್ಪಷ್ಟವಾಗಿ ಕಳಿಸಿದರೆ ಮತ್ತೆ 214. ಅವರದೇ ಕಚೇರಿಯಿಂದ ಬೆಳಗ್ಗೆ ಬೆಳಗ್ಗೆ ವಾಟ್ಸ್ಯಾಪಿಗೆ ಬರುವ ಶುಭೋದಯದ ಗುಲಾಬಿ ಇದಕ್ಕಿಂತ ದಪ್ಪ ಇರುತ್ತದೆ. ಅದಕ್ಕೆ ಮಿತಿಯಿಲ್ಲ.

ಮೂರನೇ ದಿನ ಅವರಿಗೇ ಕರುಣೆ ಬಂತು. "ಒಂದು ಹಾರ್ಡ್ ಕಾಪಿ ತಂದುಕೊಡಿ. ಜೊತೆಗೆ ಎರಡು ಜೆರಾಕ್ಸ್." ಕಂಪ್ಯೂಟರಿನಲ್ಲಿರುವ ದಾಖಲೆಗೂ ಕಾನೂನಿನ ಮಾನ್ಯತೆ ಇದೆ ಅಂತ ಮಾಹಿತಿ ತಂತ್ರಜ್ಞಾನ ಕಾಯ್ದೆ 2000ದಲ್ಲೇ ಹೇಳಿದೆ. ಆ ಕಾಯ್ದೆಯನ್ನೂ ಎರಡು ಜೆರಾಕ್ಸ್ ಮಾಡಿಸಿ ಕೊಡಬೇಕಿತ್ತೇನೋ.

ಬಸ್ಸು ಹತ್ತಿ ಹೋಗಿ ಕೊಟ್ಟೆ. ಮುದ್ರೆ ಬಿತ್ತು. ಗುಮಾಸ್ತರು ನನ್ನ ಕಾಗದವನ್ನು ಕೀಬೋರ್ಡಿನ ಪಕ್ಕ ಇಟ್ಟುಕೊಂಡರು, ಕನ್ನಡಕ ಏರಿಸಿದರು, ಮೊದಲ ಸಾಲಿನಿಂದ ಟೈಪ್ ಮಾಡತೊಡಗಿದರು.

ಅದೇ ಹಳೇ ಫಾಂಟಿನಲ್ಲಿ.