ಮೇಲ್ನೋಟಕ್ಕೆ ಶಾರ್ಟ್ ಸರ್ಕ್ಯೂಟ್

ಎತ್ತರದ ಕಟ್ಟಡಕ್ಕೆ ಬೆಂಕಿ ಬಿದ್ದರೆ ನಮ್ಮಲ್ಲಿ ತನಿಖೆ ಎಷ್ಟು ಚುರುಕು ಎಂದರೆ, ಅಗ್ನಿಶಾಮಕದವರು ಪೈಪು ಸುತ್ತಿಡುವ ಮೊದಲೇ ಕಾರಣ ಸಿಕ್ಕಿರುತ್ತದೆ. ‘ಮೇಲ್ನೋಟಕ್ಕೆ ಶಾರ್ಟ್ ಸರ್ಕ್ಯೂಟ್ ಎಂದು ಕಂಡುಬಂದಿದೆ.’ ರಸ್ತೆಯಲ್ಲಿ ನಿಂತು, ಕತ್ತೆತ್ತಿ, ಏಳನೇ ಮಹಡಿಯ ಹೊಗೆ ನೋಡಿ ಹೇಳಿದ ಮಾತು. ಹಾಗಾಗಿ ‘ಮೇಲ್ನೋಟ’ ಎಂಬ ಪದದ ಬಗ್ಗೆ ನನ್ನ ತಕರಾರಿಲ್ಲ.

ಇಷ್ಟು ಅನುಕೂಲದ ಆರೋಪಿ ಬೇರೆ ಎಲ್ಲಿ ಸಿಗಬೇಕು? ಶಾರ್ಟ್ ಸರ್ಕ್ಯೂಟಿಗೆ ಜಾತಿಯಿಲ್ಲ, ಪಕ್ಷವಿಲ್ಲ. ನಿರೀಕ್ಷಣಾ ಜಾಮೀನು ಕೇಳುವುದಿಲ್ಲ, ಬಂಧನದ ದಿನ ಎದೆನೋವೆಂದು ಆಸ್ಪತ್ರೆ ಸೇರುವುದಿಲ್ಲ, ಅದರ ಪರವಾಗಿ ಬಂದ್ ಕರೆಯುವವರೂ ಇಲ್ಲ. ಹೇಳಿದ್ದನ್ನು ಒಪ್ಪಿಕೊಂಡು ಸುಮ್ಮನಿರುತ್ತದೆ.

ಮಸಿಯಲ್ಲಿ ಮೊಣಕಾಲೂರಿ ಕೂತು ಕೆಲಸ ಮಾಡುವ ವಿಧಿವಿಜ್ಞಾನದವರನ್ನು ಕೇಳಿ, ಕಥೆಯೇ ಬೇರೆ. ಶಾರ್ಟ್ ಆದಾಗ ತಂತಿಯ ತುದಿ ಕರಗಿ ತಾಮ್ರದ ಪುಟ್ಟ ಮಣಿ ಕಟ್ಟುತ್ತದೆ, ನಿಜ. ಆದರೆ ಬೇರೆಲ್ಲೋ ಹೊತ್ತಿದ ಬೆಂಕಿ ಬಂದು ತಂತಿಯ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಸುಟ್ಟರೂ ತಂತಿಗೆ ತಂತಿ ತಾಗಿ ಅಂಥದ್ದೇ ಮಣಿ ಕಟ್ಟುತ್ತದೆ. ಅಂದರೆ, ಕರೆಂಟು ಹರಿಯುತ್ತಿದ್ದ ಯಾವ ಕಟ್ಟಡ ಸುಟ್ಟರೂ ಹುಡುಕಿದವರಿಗೆ ಒಂದು ಶಾರ್ಟ್ ಸಿಕ್ಕೀತು. ಅದು ಬೆಂಕಿ ಹಚ್ಚಿದ್ದೋ, ಬೆಂಕಿಗೆ ಬಲಿಯಾದದ್ದೋ ಎಂದು ಮಣಿಯೊಂದನ್ನೇ ನೋಡಿ ಹೇಳಲು ಪ್ರಯೋಗಾಲಯದವರು ಹಿಂಜರಿಯುತ್ತಾರೆ. ಕ್ಯಾಮೆರಾ ಮುಂದೆ ನಿಂತವರಿಗೆ ಆ ಕಷ್ಟವಿಲ್ಲ. ಕೆಲವೊಮ್ಮೆ ನಾವು ಗಾಯಾಳುವನ್ನೇ ಹಿಡಿದು ಕಟಕಟೆಗೆ ಹತ್ತಿಸುತ್ತಿದ್ದೇವೆ ಎಂಬ ಅನುಮಾನ ನನಗೆ ಬಹಳ ದಿನಗಳಿಂದಿದೆ.

ವಿಧಿವಿಜ್ಞಾನದವರ ಕೆಲಸವೋ ತೀರಾ ನಿಧಾನದ್ದು. ಕಡಿಮೆ ಸುಟ್ಟ ಕಡೆಯಿಂದ ಹೆಚ್ಚು ಸುಟ್ಟ ಕಡೆಗೆ ಹೋಗಬೇಕು. ಬಿದ್ದ ಬೂದಿಯನ್ನು ಹಂಪಿಯಲ್ಲಿ ಮಣ್ಣು ಅಗೆದಂತೆ ಪದರ ಪದರವಾಗಿ ತೆಗೆಯಬೇಕು. ಕಾಂಕ್ರೀಟು ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಅಲ್ಲಿ ಶಾಖ ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿತ್ತು ಎಂದು ಅಂದಾಜು. ಅಲ್ಯೂಮಿನಿಯಂ ಕರಗಿ ತಾಮ್ರ ಹಾಗೇ ಉಳಿದಿದ್ದರೆ 660ಕ್ಕೂ 1085ಕ್ಕೂ ನಡುವೆ ಎಲ್ಲೋ. ಅವರೂ ಎಡವಿದ್ದಾರೆನ್ನಿ: ಗಾಜಿನ ಮೇಲೆ ಜೇಡರ ಬಲೆಯಂಥ ಬಿರುಕು ಕಂಡರೆ ಯಾರೋ ಪೆಟ್ರೋಲು ಸುರಿದಿದ್ದಾರೆ ಎಂದು ಹಿಂದೆಲ್ಲ ಹೇಳುತ್ತಿದ್ದರು. ಆಮೇಲೆ ಪ್ರಯೋಗ ಮಾಡಿ ನೋಡಿದರೆ, ಕಾದ ಗಾಜನ್ನು ಹಾಗೆ ಸೀಳಿದ್ದು ಬೆಂಕಿ ಆರಿಸಲು ಚಿಮ್ಮಿಸಿದ ನೀರು! ತಪ್ಪಾಯಿತೆಂದು ತಿದ್ದಿಕೊಂಡರು. ನಮ್ಮ ಸ್ಥಳ ಮಹಜರಿಗೆ ಅಂಥ ಚಂಚಲತೆಯಿಲ್ಲ. ಎದುರಿನ ಟೀ ಅಂಗಡಿಯಿಂದ ಇಬ್ಬರು ಪಂಚರನ್ನು ಕರೆಸಿ ಸಹಿ ಹಾಕಿಸಿದರೆ ಮುಗಿಯಿತು. ಮರುದಿನ ಬೂದಿ ಟ್ರ್ಯಾಕ್ಟರ್ ಏರುತ್ತದೆ.

ಹೋಗಲಿ, ಶಾರ್ಟ್ ಸರ್ಕ್ಯೂಟೇ ಎಂದಿಟ್ಟುಕೊಳ್ಳೋಣ. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್ಟನ್ ಟವರ್ಸ್‌ನಲ್ಲಿ ಬೆಂಕಿ ಕಾಣಿಸಿಕೊಂಡಿದ್ದು ವಿದ್ಯುತ್ ಕೇಬಲ್ಲುಗಳ ಡಕ್ಟಿನಲ್ಲಿ. ಸತ್ತವರು 9 ಮಂದಿ. ಅವರನ್ನು ಕೊಂದದ್ದು ಜ್ವಾಲೆಯಲ್ಲ. ಡಕ್ಟು ಒಲೆಯ ಊದುಗೊಳವೆಯಾಗಿ ಹೊಗೆಯನ್ನು ಮಹಡಿ ಮಹಡಿಗೂ ಊದಿತು. ಉಸಿರುಗಟ್ಟಿದವರು ಕಿಟಕಿ ಒಡೆದು ಕೆಳಗೆ ಹಾರಿದರು. ಸರಿಯಾಗಿ ಒಂದು ತಿಂಗಳಿಗೆ, ಮಾರ್ಚ್ 23ಕ್ಕೆ, ಕೋಲ್ಕತ್ತಾದ ಪಾರ್ಕ್ ಸ್ಟ್ರೀಟಿನ ಸ್ಟೀಫನ್ ಕೋರ್ಟ್ ಹೊತ್ತಿ 43 ಜನ ಸತ್ತರು. ಅಲ್ಲಿ ತಾರಸಿಯ ಬಾಗಿಲಿಗೆ ಬೀಗ. ಮೇಲಿನೆರಡು ಮಹಡಿ ಅನುಮತಿಯಿಲ್ಲದೆ ಎದ್ದು, ಆಮೇಲೆ ಸಕ್ರಮಗೊಂಡಿದ್ದವು. ಅಕ್ರಮವನ್ನು ಸಕ್ರಮ ಮಾಡುವ ಕಲೆ ನಮ್ಮೊಬ್ಬರದೇ ಎಂಬ ಕನ್ನಡಿಗರ ಹೆಮ್ಮೆಗೆ ಆ ದಿನ ಸ್ವಲ್ಪ ಪೆಟ್ಟು ಬಿತ್ತು.

ತಂತಿ ಕಿಡಿ ಉಗುಳಬಹುದು. ಬಾಗಿಲಿಗೆ ಬೀಗ ಜಡಿಯಲು ಅದಕ್ಕೆ ಕೈಯಿಲ್ಲ. ಮಹಡಿಯಿಂದ ಮಹಡಿಗೆ ಕೇಬಲ್ ಹಾಯುವ ಕಂಡಿಯನ್ನು ಮುಚ್ಚದೆ ಬಿಡುವುದು, ಮುಚ್ಚದಿದ್ದರೂ ಮುಚ್ಚಿದೆ ಎಂದು ಕಾಗದದ ಮೇಲೆ ಸಹಿ ಹಾಕುವುದು, ಇವೆಲ್ಲ ಮನುಷ್ಯರ ಕಸುಬು. ‘ಬೆಂಕಿ ಹೇಗೆ ಹತ್ತಿತು’ ಎಂದೇ ಕೇಳುತ್ತಾ ಕೂತರೆ ‘ಜನರಿಗೆ ಯಾಕೆ ಹೊರಬರಲಾಗಲಿಲ್ಲ’ ಎಂಬ ಪ್ರಶ್ನೆಗೆ ಸರದಿಯೇ ಬರುವುದಿಲ್ಲ. ಶಾರ್ಟ್ ಸರ್ಕ್ಯೂಟನ್ನು ನಾವು ಸಾಕಿಕೊಂಡಿರುವುದು ಅದಕ್ಕೇ.

ವಿದೇಶದಲ್ಲಿ ಎಲ್ಲ ಸರಿಯಿದೆ ಎನ್ನುವವರಿಗೆ ಲಂಡನ್ನಿನ ಗ್ರೆನ್‌ಫೆಲ್ ಟವರ್. 24 ಮಹಡಿ, 2017ರ ಜೂನ್ 14ರ ನಡುರಾತ್ರಿ ನಾಲ್ಕನೇ ಮಹಡಿಯ ಅಡುಗೆಮನೆಯ ಫ್ರಿಜ್ಜಿನಿಂದ ಶುರುವಾದ ಬೆಂಕಿ ಕಿಟಕಿ ದಾಟಿ, ಕಟ್ಟಡ ಚಂದ ಕಾಣಲಿ ಎಂದು ಹೊದಿಸಿದ್ದ ಹಲಗೆಗಳಿಗೆ ತಗುಲಿತು. ಹೊರಗೆ ಅಲ್ಯೂಮಿನಿಯಂ, ಒಳಗೆ ಪಾಲಿಥೀನ್. ಮೇಣದಬತ್ತಿಗೆ ಬೆಳ್ಳಿಯ ಅಂಗಿ ತೊಡಿಸಿದಂತೆ. 72 ಜನ ಸತ್ತರು. ವಿಚಾರಣಾ ಆಯೋಗದ ಕೊನೆಯ ವರದಿ ಬಂದದ್ದು 2024ರ ಸೆಪ್ಟೆಂಬರಿನಲ್ಲಿ, ಸುಮಾರು 1,700 ಪುಟ. ಅವರು ಫ್ರಿಜ್ಜಿನ ಹತ್ತಿರ ನಿಲ್ಲಲಿಲ್ಲ, ಹಲಗೆ ಮಾಡಿದವರು, ಮಾರಿದವರು, ಒಪ್ಪಿಗೆ ಕೊಟ್ಟವರು, ಎಚ್ಚರಿಕೆ ಓದಿ ಪಕ್ಕಕ್ಕಿಟ್ಟ ಸರ್ಕಾರ, ಎಲ್ಲರವರೆಗೂ ಹೋದರು. ಅದನ್ನು ಮೆಚ್ಚಲೇಬೇಕು. ಆದರೆ ವಿಚಾರಣೆಯಲ್ಲಿ ಪ್ರತಿಯೊಬ್ಬರೂ ಪಕ್ಕದವರತ್ತ ಬೆರಳು ತೋರಿಸಿದ್ದರಿಂದ, ಯಾರು ಯಾರ ಮೇಲೆ ಹಾಕಿದರೆಂದು ವಿಚಾರಣೆಯ ವಕೀಲರು ನಕ್ಷೆಯನ್ನೇ ಬರೆದು ತೋರಿಸಬೇಕಾಯಿತು. ನಮ್ಮಲ್ಲಿ ಅಷ್ಟು ಗೆರೆ ಎಳೆಯುವ ಶ್ರಮವಿಲ್ಲ. ಎಲ್ಲರ ಬೆರಳೂ ಒಂದೇ ತಂತಿಯ ಕಡೆಗೆ.

ನಮ್ಮ ಅಪಾರ್ಟ್‌ಮೆಂಟಿನದು ಹದಿನಾಲ್ಕು ಮಹಡಿ. ಕಳೆದ ಭಾನುವಾರ ಲಿಫ್ಟ್ ಕೆಟ್ಟಿದ್ದರಿಂದ ಬೆಂಕಿ ಬಿದ್ದಾಗ ಇಳಿಯಬೇಕಾದ ಮೆಟ್ಟಿಲನ್ನು ಮೊದಲ ಸಲ ಹತ್ತಿದೆ. ಮೂರನೇ ಮಹಡಿಯಲ್ಲಿ ಚಪ್ಪಲಿ ಸ್ಟ್ಯಾಂಡು, ಆರರಲ್ಲಿ ಮಕ್ಕಳ ಸೈಕಲ್ಲು. ತಾನಾಗಿ ಮುಚ್ಚಿಕೊಳ್ಳಬೇಕಾದ ಬಾಗಿಲು ಮುಚ್ಚದಂತೆ ಒಂಬತ್ತನೆಯವರು ತುಳಸಿ ಕುಂಡ ಇಟ್ಟಿದ್ದಾರೆ, ಗಾಳಿ ಚೆನ್ನಾಗಿ ಬರುತ್ತದಂತೆ. ಕೇಬಲ್ ಡಕ್ಟಿನಲ್ಲಿ ಪೊರಕೆ, ಹಳೇ ಪೇಪರಿನ ಕಟ್ಟು. ತುದಿಯಲ್ಲಿ ತಾರಸಿಯ ಬಾಗಿಲಿಗೆ ಬೀಗ.

ಸಂಘದ ಕಾರ್ಯದರ್ಶಿಗಳನ್ನು ಹಿಡಿದೆ. “ಟೆರೇಸಿಗೆ ಯಾಕೆ ಸಾರ್ ಬೀಗ?”

“ಸಿಕ್ಕಸಿಕ್ಕೋರೆಲ್ಲ ಹತ್ತಿ ಬಟ್ಟೆ ಒಣಗಿ ಹಾಕ್ತಾರೆ ಸಾರ್.”

“ಬೆಂಕಿ ಬಿದ್ರೆ?”

“ಅದಕ್ಕೇನು, ಬೀಗದ ಕೈ ವಾಚ್‌ಮನ್ ಹತ್ರನೇ ಇರುತ್ತಲ್ಲ.”

“ವಾಚ್‌ಮನ್ ಎಲ್ಲಿ?”

“ಊರ ಹಬ್ಬಕ್ಕೆ ಅಂತ ಹೋದ. ಮರೆತು ಜೇಬಲ್ಲೇ ಹಾಕ್ಕೊಂಡ್ ಹೋಗಿದಾನಂತೆ. ಗುರುವಾರ ಬರ್ತಾನೆ, ಬಿಡಿ.”