ಮೂರು ಕುರ್ಚಿಯ ಸರ್ಕಾರ

ಸರ್ಕಾರ ಸಣ್ಣದಾದಷ್ಟೂ ಪ್ರಜೆ ದೊಡ್ಡವನಾಗುತ್ತಾನೆ ಎಂದು ನಂಬಿದವರು ನಮ್ಮಲ್ಲಿ ಬಹಳ ಮಂದಿ. ಟಿವಿ ಚರ್ಚೆಗೆ ಟೈ ಕಟ್ಟಿಕೊಂಡು ಬರುವ ಪಂಡಿತರಿಂದ ಹಿಡಿದು, ಹೆಲ್ಮೆಟ್ ಹಾಕದ್ದಕ್ಕೆ ದಂಡ ಕಟ್ಟಿ ಉರಿದುಕೊಂಡು ಬಂದ ಪಕ್ಕದ ಮನೆ ಹುಡುಗನವರೆಗೆ ಎಲ್ಲರದೂ ಇದೇ ವಾದ. 2014ರಲ್ಲಿ ‘ಮಿನಿಮಮ್ ಗವರ್ನಮೆಂಟ್, ಮ್ಯಾಕ್ಸಿಮಮ್ ಗವರ್ನೆನ್ಸ್’ ಎಂಬ ಘೋಷಣೆಗೆ ಚಪ್ಪಾಳೆ ತಟ್ಟಿದವರೂ ಇವರೇ. ಇವರನ್ನೆಲ್ಲ ಒಂದು ಬಸ್ಸಿಗೆ ತುಂಬಿ ಸಿಕಂದರಾಬಾದ್ ಕಂಟೋನ್ಮೆಂಟಿಗೆ ಕರೆತರಬೇಕು. ಅವರ ಕನಸು ಇಲ್ಲಿ ನನಸಾಗಿದೆ.

ಬೆಂಗಳೂರಿನವರಿಗೆ ದಂಡು ಎಂದರೆ ಈಗ ಒಂದು ರೈಲ್ವೆ ಸ್ಟೇಷನ್ನು, ಅಷ್ಟೇ. ಅಲ್ಲಿನ ದಂಡುಪ್ರದೇಶ 1949ರಲ್ಲೇ ಪಾಲಿಕೆಯಲ್ಲಿ ಲೀನವಾಯಿತು. ಬೆಳಗಾವಿಯವರಿಗೆ ಮಾತ್ರ ವಿವರಿಸಿ ಹೇಳಬೇಕಾಗಿಲ್ಲ, ಅವರಲ್ಲಿ ಕಂಟೋನ್ಮೆಂಟ್ ಮಂಡಳಿ ಇನ್ನೂ ಇದೆ. ಮೂರನೇ ನಿಜಾಮ ಸಿಕಂದರ್ ಜಾಹನ ಹೆಸರಿನಲ್ಲಿ 1806ರಲ್ಲಿ ಹುಟ್ಟಿದ ಈ ಊರಿನಲ್ಲೂ ಇದೆ. ಬೊಲ್ಲಾರಂ, ತಿರುಮಲಗಿರಿ, ಪಿಕೆಟ್, ಕಾರ್ಖಾನಾ ಎಲ್ಲ ಅದರ ಸುಪರ್ದಿ. 2011ರ ಜನಗಣತಿಯ ಪ್ರಕಾರವೇ ಎರಡು ಲಕ್ಷಕ್ಕೂ ಹೆಚ್ಚು ಜನ. ಇವರು ಎಂಟು ವಾರ್ಡುಗಳಿಂದ ಎಂಟು ಮಂದಿಯನ್ನು ಆರಿಸಿ ಕಳಿಸಿದ್ದು 2015ರ ಜನವರಿಯಲ್ಲಿ. ಐದು ವರ್ಷದ ಅವಧಿ ಮುಗಿಯಿತು, ವಿಸ್ತರಣೆಯೂ ಮುಗಿಯಿತು. 2021ರಲ್ಲಿ ಆ ಎಂಟೂ ಮಂದಿ ಮನೆಗೆ ಹೋದರು. ಉಳಿದದ್ದು ಮೂರು ಕುರ್ಚಿ. ಒಂದರಲ್ಲಿ ಅಧ್ಯಕ್ಷರಾಗಿ ಬ್ರಿಗೇಡಿಯರ್ ಸಾಹೇಬರು, ಇನ್ನೊಂದರಲ್ಲಿ ರಕ್ಷಣಾ ಇಲಾಖೆಯ ಅಧಿಕಾರಿಯಾದ ಸಿಇಒ, ಮೂರನೆಯದರಲ್ಲಿ ದೆಹಲಿ ಹೆಸರಿಸಿದ ಒಬ್ಬ ನಾಗರಿಕ ಸದಸ್ಯರು. ಎರಡು ಲಕ್ಷ ಜನರ ದನಿಯೆಲ್ಲ ಈ ಒಬ್ಬರ ಗಂಟಲಲ್ಲಿ! ನಮ್ಮ ಕಡೆ ಗ್ರಾಮ ಪಂಚಾಯ್ತಿ ಮೀಟಿಂಗಿಗೆ ಚಹಾ ಕುಡಿಯಲಿಕ್ಕೇ ಇದಕ್ಕಿಂತ ಹೆಚ್ಚು ಜನ ಸೇರುತ್ತಾರೆ.

ಇಷ್ಟು ಪುಟ್ಟ ಸರ್ಕಾರದ ಕೆಳಗೆ ಪ್ರಜೆ ಹಕ್ಕಿಯಂತೆ ಹಾರಾಡಬೇಕಿತ್ತಲ್ಲ? ಅದಕ್ಕೆ ಮೊದಲು ರಸ್ತೆ ದಾಟಬೇಕು. ಇಲ್ಲಿನ ಗಫ್ ರಸ್ತೆ, ವೆಲಿಂಗ್ಟನ್ ರಸ್ತೆಗಳ ಹೆಸರಿನ ದೊರೆಗಳು ಯಾವತ್ತೋ ಮಣ್ಣಾದರು, ಆದರೆ ಸೇನೆ ಹಾಕಿದ ಗೇಟುಗಳಿಗೆ ಸಾವಿಲ್ಲ. ಸೈನಿಕಪುರಿ, ಮಲ್ಕಾಜ್‌ಗಿರಿ ಕಡೆಯವರು ನಗರ ಸೇರಲು ಇರುವ ನೇರ ದಾರಿಗಳಲ್ಲಿ ಯಾವುದು ಯಾವಾಗ ಮುಚ್ಚುತ್ತದೆ ಎಂದು ಪಂಚಾಂಗ ನೋಡಿದರೂ ತಿಳಿಯುವುದಿಲ್ಲ. ಆಟೋದವನು ಬ್ಯಾರಿಕೇಡಿನ ಮುಂದೆ ಗಕ್ಕನೆ ನಿಲ್ಲಿಸಿ, ಹಿಂದಕ್ಕೂ ನೋಡದೆ ‘ಬಂದ್ ಹೈ ಸಾಬ್’ ಎಂದು ಹ್ಯಾಂಡಲ್ ತಿರುಗಿಸುತ್ತಾನೆ. ಸುತ್ತು ದಾರಿಗೆ ಮೀಟರು ಮಾತ್ರ ಪ್ರಾಮಾಣಿಕವಾಗಿ ಓಡುತ್ತದೆ. ಗೇಟಿನ ಜವಾನನನ್ನು ಬೈದು ಫಲವಿಲ್ಲ. ಬಿಸಿಲಲ್ಲಿ ನಿಂತ ಆ ಹುಡುಗನಿಗೂ ಆರ್ಡರು ಮೇಲಿನಿಂದಲೇ ಬರುವುದು.

ಕಾನೂನೇ ಇಲ್ಲವೇ ಎನ್ನಬೇಡಿ. 2006ರ ಕಂಟೋನ್ಮೆಂಟ್ ಕಾಯ್ದೆಯ 258ನೇ ಕಲಮು ರಸ್ತೆ ಮುಚ್ಚುವ ಮೊದಲು ನೋಟಿಸು ಕೊಟ್ಟು ಸಾರ್ವಜನಿಕರ ಆಕ್ಷೇಪಣೆ ಕೇಳಬೇಕು ಎನ್ನುತ್ತದೆ. 2018ರ ಮೇ ತಿಂಗಳಲ್ಲಿ ರಕ್ಷಣಾ ಸಚಿವಾಲಯವೇ ಮುಚ್ಚಿದ ರಸ್ತೆಗಳನ್ನು ತೆರೆಯಿರಿ ಎಂದು ದೇಶದ ಕಂಟೋನ್ಮೆಂಟುಗಳಿಗೆ ಆದೇಶಿಸಿತು. ಆದೇಶ ಹೊರಟಿತು, ಜಗಳ ಮುಗಿಯಲಿಲ್ಲ. 2022ರ ಮಾರ್ಚ್‌ನಲ್ಲಿ ತೆಲಂಗಾಣದ ಆಗಿನ ಪೌರಾಡಳಿತ ಸಚಿವ ಕೆ.ಟಿ. ರಾಮರಾವ್ ವಿಧಾನಸಭೆಯಲ್ಲಿ ತೋಳೇರಿಸಿದರು: ಹೀಗೇ ರಸ್ತೆ ಮುಚ್ಚಿದರೆ ಸೇನೆಗೆ ನೀರು, ಕರೆಂಟು ಕಟ್ ಮಾಡುತ್ತೇವೆ! ಒಂದು ಸರ್ಕಾರ ರಸ್ತೆ ಮುಚ್ಚುವುದಂತೆ, ಇನ್ನೊಂದು ನಲ್ಲಿ ಮುಚ್ಚುವುದಂತೆ. ಪ್ರಜೆಯ ಪರವಾಗಿ ಏನನ್ನಾದರೂ ತೆರೆಯುವ ಮಾತು ಕಾಗದದಲ್ಲೇ ಉಳಿಯಿತು.

ಮತದ ಕತೆ ಇನ್ನೂ ಸ್ವಾರಸ್ಯ. ರಕ್ಷಣಾ ಜಾಗದಲ್ಲಿ ಅಕ್ರಮವಾಗಿ ಮನೆ ಕಟ್ಟಿಕೊಂಡವರಿಗೆ ಮಂಡಳಿ ಚುನಾವಣೆಯಲ್ಲಿ ಮತವಿಲ್ಲ ಎಂಬ ಸುಪ್ರೀಂ ಕೋರ್ಟ್ ತೀರ್ಪನ್ನು ಹಿಡಿದು ಪಟ್ಟಿಯಿಂದ ಸಾವಿರಾರು ಹೆಸರು ಹೊಡೆದುಹಾಕಿದರು. ಅದೇ ಜನ ಶಾಸಕರನ್ನು ಆರಿಸಬಹುದು, ಸಂಸದರನ್ನು ಆರಿಸಿ ಪ್ರಧಾನಿಯನ್ನೇ ಕೂರಿಸಬಹುದು. ಚರಂಡಿ ಬಳಿಸುವ ವಾರ್ಡ್ ಮೆಂಬರನ್ನು ಆರಿಸುವಷ್ಟು ವಿವೇಕ ಮಾತ್ರ ಅವರಿಗಿಲ್ಲ.

ವಿವೇಕ ಉಳಿದವರಿಗಾದರೂ ಸಿಕ್ಕಿದ್ದೇನು? 2023ರ ಏಪ್ರಿಲ್ 30ಕ್ಕೆ ದೇಶದ 57 ಮಂಡಳಿಗಳಿಗೆ ಚುನಾವಣೆ ಎಂದು ಫೆಬ್ರವರಿಯಲ್ಲಿ ಗೆಜೆಟ್ ಸಾರಿತು. ಗಲ್ಲಿ ನಾಯಕರು ಇಸ್ತ್ರಿ ಹಾಕಿಸಿದ ಬಿಳಿ ಅಂಗಿ ತೊಡುವಷ್ಟರಲ್ಲಿ, ಮಾರ್ಚ್‌ನಲ್ಲಿ ಅದೇ ಗೆಜೆಟ್ ‘ರದ್ದು’ ಎಂದಿತು. ನಾಗರಿಕ ಪ್ರದೇಶವನ್ನೆಲ್ಲ ಮಹಾನಗರ ಪಾಲಿಕೆಗೆ ಸೇರಿಸುತ್ತೇವೆ, ಸುಮ್ಮನೆ ಚುನಾವಣೆ ಏಕೆ ಎಂಬ ಸಮಾಧಾನ ಬಂತು. ಆಮೇಲೆ ಬಂದದ್ದು ಪತ್ರಗಳು, ಸಭೆಗಳು, ಮೂರು ಕುರ್ಚಿಗೆ ವಿಸ್ತರಣೆಯ ಮೇಲೆ ವಿಸ್ತರಣೆ.

ಆದರೆ ಮನೆ ಕಂದಾಯದ ನೋಟಿಸು ಒಂದು ವರ್ಷವೂ ದಾರಿ ತಪ್ಪಿಲ್ಲ, ಯಾವ ಗೇಟೂ ಅದನ್ನು ತಡೆದಿಲ್ಲ. ಜನ ಕಟ್ಟುತ್ತಾರೆ. ಕಟ್ಟದೆ ಕುಳಿತಿರುವ ದೊಡ್ಡ ಕುಳ ಬೇರೆಯೇ ಇದೆ: ಸೇನೆಯ ಆಸ್ತಿಗಳಿಗಾಗಿ ಮಂಡಳಿಗೆ ಬರಬೇಕಾದ ಸೇವಾ ಶುಲ್ಕದ ಬಾಕಿ ನೂರಾರು ಕೋಟಿ ರೂಪಾಯಿ. ವಸೂಲಿ ಮಾಡಬೇಕಾದ ಮಂಡಳಿಗೆ ಅಧ್ಯಕ್ಷರು ಬ್ರಿಗೇಡಿಯರ್ ಸಾಹೇಬರು. ಬೆಳಿಗ್ಗೆ ಅಧ್ಯಕ್ಷರಾಗಿ ಬಾಕಿ ಕೇಳಿ ಸಹಿ ಹಾಕಿದ ಕಾಗದಕ್ಕೆ, ಮಧ್ಯಾಹ್ನ ಸಮವಸ್ತ್ರದಲ್ಲಿ ಕುಳಿತು ‘ಪರಿಶೀಲನೆಯಲ್ಲಿದೆ’ ಎಂದು ಅವರೇ ಉತ್ತರ ಬರೆದುಕೊಳ್ಳಬೇಕು.