ಶ್ರೀಯುತ ಲಾಗಿನ್ ಐಡಿಯವರ ಸನ್ನಿಧಾನಕ್ಕೆ

ಇಂದ: ಆಲ್ಕೊಳದ ಒಬ್ಬ ಅರ್ಜಿದಾರ
ಗೆ: ಶ್ರೀಯುತ ಲಾಗಿನ್ ಐಡಿ, ಶಿವಮೊಗ್ಗ ನಗರದ ಒಂದು ಕಚೇರಿ
ವಿಷಯ: ತಮ್ಮ ಯಜಮಾನರು ವರ್ಗವಾದರೂ ತಾವು ವರ್ಗವಾಗದೆ ಉಳಿದಿರುವ ಬಗ್ಗೆ
ಉಲ್ಲೇಖ: ತಮ್ಮೊಳಗೆ ಸಿಕ್ಕಿಕೊಂಡಿರುವ ನನ್ನ ಖಾತೆ ಬದಲಾವಣೆ ಅರ್ಜಿ

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಸಾಹೇಬರಿಗೆ ಬರೆಯಬೇಕಾದ ಪತ್ರವನ್ನು ನೇರವಾಗಿ ತಮಗೇ ಬರೆಯುತ್ತಿದ್ದೇನೆ. ಈ ದಾರಿ ತೋರಿಸಿದವರು ಕಚೇರಿಯವರೇ. ಮೊದಲೆಲ್ಲ ‘ಫೈಲ್ ಎಲ್ಲಿದೆ?’ ಎಂದು ಕೇಳಿದರೆ ಯಾರದೋ ಮೇಜನ್ನು ತೋರಿಸುತ್ತಿದ್ದರು. ಮೇಜಿನ ಹಿಂದೆ ಒಬ್ಬ ಮನುಷ್ಯ ಇರುತ್ತಿದ್ದ, ಇಲ್ಲವೇ ಅವನ ಕೋಟಾದರೂ ಇರುತ್ತಿತ್ತು. ಈಗ ‘ಕೇಸ್ ವರ್ಕರ್ ಲಾಗಿನ್‌ನಲ್ಲಿದೆ’, ‘ಸಾಹೇಬ್ರ ಲಾಗಿನ್‌ಗೆ ಪುಶ್ ಮಾಡಿದೀವಿ’, ‘ನಮ್ಮ ಲಾಗಿನ್‌ಗೆ ಇನ್ನೂ ಬಂದೇ ಇಲ್ಲ’ ಎನ್ನುತ್ತಾರೆ. ಮನುಷ್ಯರ ಸುದ್ದಿಯೇ ಇಲ್ಲ. ಕಚೇರಿಯಲ್ಲಿ ನಿಜವಾಗಿ ಕೆಲಸ ಮಾಡುತ್ತಿರುವವರು ತಾವೊಬ್ಬರೇ ಎಂದು ಖಾತ್ರಿಯಾದ ಮೇಲೆ ಮಧ್ಯದವರ ಉಸಾಬರಿ ಏಕೆ?

ತಮ್ಮ ಕಾರ್ಯತತ್ಪರತೆಗೆ ಸಾಟಿಯಿಲ್ಲ. ತಮ್ಮ ಯಜಮಾನರು ಭದ್ರಾವತಿಗೆ ವರ್ಗವಾದರು. ಗಂಧದ ಹಾರ ಹಾಕಿಸಿಕೊಂಡರು, ಮಂಡಕ್ಕಿ ಮಿರ್ಚಿ ತಿಂದರು, ಗ್ರೂಪ್ ಫೋಟೊ ತೆಗೆಸಿಕೊಂಡು ಹೋದರು. ತಾವು ಮಾತ್ರ ಕದಲಲಿಲ್ಲ. ಅವರು ಅಲ್ಲಿ ಹಾಜರಿ ಹಾಕುವ ಗಳಿಗೆಯಲ್ಲೇ ತಾವು ಇಲ್ಲಿ ಅವರ ಹೆಸರಿನಲ್ಲಿ ಕಡತಕ್ಕೆ ಒಪ್ಪಿಗೆ ಕೊಡುತ್ತೀರಿ. ಏಕಕಾಲಕ್ಕೆ ಎರಡು ಊರಿನಲ್ಲಿ ಕಾಣಿಸಿಕೊಳ್ಳುವುದು ಹಿಂದೆ ಪವಾಡಪುರುಷರಿಗಷ್ಟೇ ಸಾಧ್ಯವಿತ್ತು. ಭಾನುವಾರ, ದಸರಾ, ರಾತ್ರಿ ಹನ್ನೊಂದು ಮುಕ್ಕಾಲು ಯಾವುದೂ ತಮಗೆ ಲೆಕ್ಕವಿಲ್ಲ. ಅವರ ಜಾಗಕ್ಕೆ ಬಂದ ಹೊಸಬರು ಕುರ್ಚಿ ಹಿಡಿದು ಕುಳಿತಿದ್ದಾರೆ ನಿಜ. ಆದರೆ ‘ಇನ್ನೂ ಮ್ಯಾಪಿಂಗ್ ಆಗಿಲ್ಲ ಸಾರ್, ಬೆಂಗಳೂರಿಗೆ ಮೇಲ್ ಹಾಕಿದೀವಿ’. ಹೊಸಬರ ಹೆಸರು ಆ ಹುದ್ದೆಗೆ ಜೋಡಣೆಯಾಗುವವರೆಗೆ ತಮ್ಮದೇ ದರ್ಬಾರು.

ಓಟಿಪಿಗೆ ಮಾತ್ರ ಹಳೆಯ ಯಜಮಾನರ ಮೇಲಿನ ನಿಷ್ಠೆ ಹೋಗಿಲ್ಲ. ಅದು ಇವತ್ತಿಗೂ ಭದ್ರಾವತಿಯ ಮೊಬೈಲ್‌ಗೇ ಹೋಗುತ್ತದೆ. ಇಲ್ಲಿಂದ ಫೋನ್ ಹೋಗುತ್ತದೆ: ‘ಸಾರ್, ಒಂದು ಓಟಿಪಿ ಬಂತಾ?’ ಪುಣ್ಯಾತ್ಮರು ಬೈಕಿನಲ್ಲಿ ಮಾಚೇನಹಳ್ಳಿ ದಾಟುತ್ತಿದ್ದರೆ ಗಾಡಿ ನಿಲ್ಲಿಸಿ ಓದಿ ಹೇಳುತ್ತಾರೆ. ಮದುವೆ ಮನೆಯಲ್ಲಿದ್ದರೆ ವಾಲಗದ ಸದ್ದನ್ನೂ ಮೀರಿಸಿ, ಆರೂ ಅಂಕಿ ಪಂಕ್ತಿಗೆಲ್ಲ ಕೇಳುವಂತೆ ಕೂಗುತ್ತಾರೆ. ಇದನ್ನು ಯಾರಿಗೂ ಹೇಳಬೇಡಿ ಎಂದು ಅದೇ ಸಂದೇಶದ ಬಾಲದಲ್ಲಿ ಬರೆದಿರುತ್ತದೆ; ಅಲ್ಲಿಯವರೆಗೆ ಓದುವಷ್ಟರಲ್ಲಿ ಅವಧಿ ಮುಗಿಯುತ್ತದಲ್ಲ! ಯಾವ ಕೆಲಸಕ್ಕೆ ಓಟಿಪಿ ಎಂದು ಅವರು ಕೇಳುವುದಿಲ್ಲ, ಇವರು ಹೇಳುವುದಿಲ್ಲ. ಪಾಸ್‌ವರ್ಡ್ ಕದ್ದವನಿಗೂ ಒಳಗೆ ಬರಲು ಆಗಬಾರದು ಎಂದು ಹಾಕಿದ ಎರಡನೆಯ ಬೀಗ ಇದು.

ಇನ್ನು ಮೊದಲನೆಯ ಬೀಗದ ವಿಚಾರ. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಹೆಸರು ಬದಲಾಯಿತು. ಇಂಗ್ಲಿಷಿನಲ್ಲಿ ಶಿಮೊಗ ಆಗಿದ್ದ ನಮ್ಮೂರು ಅಲ್ಲೂ ಶಿವಮೊಗ್ಗವಾಯಿತು. ಬೋರ್ಡು ಬದಲಾಯಿತು, ಲೆಟರ್‌ಹೆಡ್ ಬದಲಾಯಿತು, ರಬ್ಬರ್ ಸ್ಟಾಂಪ್ ಬದಲಾಯಿತು. ತಮ್ಮ ಪಾಸ್‌ವರ್ಡ್ ಮಾತ್ರ ಇವತ್ತಿಗೂ ‘ಶಿಮೊಗ ಅಟ್ ಒನ್ ಟು ತ್ರೀ’. ಗುಟ್ಟು ರಟ್ಟು ಮಾಡಿದೆನೆಂದು ಮುನಿಯಬೇಡಿ. ಮಾನಿಟರಿನ ಅಂಚಿಗೆ ಸೆಲ್ಲೋಟೇಪ್ ಹಚ್ಚಿ ಅಂಟಿಸಿದ ಹಳದಿ ಚೀಟಿ ಅದು. ಕ್ಯೂನಲ್ಲಿ ನಿಂತವರಿಗೆಲ್ಲ ಮಗ್ಗಿಯ ಹಾಗೆ ಬಾಯಿಪಾಠ. ತೊಂಬತ್ತು ದಿನಕ್ಕೊಮ್ಮೆ ಬದಲಿಸಿ ಎಂದು ಸಿಸ್ಟಂ ಹಟ ಹಿಡಿದಾಗ ಕೊನೆಯ ಮೂರು ನಾಲ್ಕಾಗುತ್ತದೆ, ಮುಂದಿನ ಸಲ ಮತ್ತೆ ಮೂರಾಗುತ್ತದೆ. ಈ ತೊಂಬತ್ತು ದಿನದ ಶಾಸ್ತ್ರ ಹರಡಿದ್ದರಲ್ಲಿ ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2004ರಲ್ಲಿ ಹೊರಡಿಸಿದ ಕೈಪಿಡಿಯ ಪಾಲು ದೊಡ್ಡದು. ಅದನ್ನು ಬರೆದ ಬಿಲ್ ಬರ್ ನಿವೃತ್ತರಾದ ಮೇಲೆ, 2017ರಲ್ಲಿ, ಹಾಗೆ ಬರೆಯಬಾರದಿತ್ತು ಎಂದು ಪೇಚಾಡಿಕೊಂಡರು. ಅದೇ ವರ್ಷ ಆ ಸಂಸ್ಥೆಯೂ ಮಾತು ಬದಲಿಸಿತು: ಪಾಸ್‌ವರ್ಡ್ ಉದ್ದವಾಗಿರಲಿ, ಸೋರಿದ ಸುಳಿವು ಸಿಕ್ಕಾಗ ಬದಲಿಸಿ, ದಿನ ಎಣಿಸಿ ಪೀಡಿಸಬೇಡಿ. ಆ ಟಪಾಲು ತಮ್ಮ ಕಚೇರಿಯ ಸ್ವೀಕೃತಿ ವಹಿಗೆ ಇನ್ನೂ ಬಿದ್ದಂತಿಲ್ಲ.

ಯಜಮಾನರು ಹೊರಟ ದಿನದ ಚಾರ್ಜ್ ಪಟ್ಟಿಯನ್ನು ತಾವು ಒಮ್ಮೆ ಓದಬೇಕು. ಬೀರುವಿನ ಕೀ ಎರಡು, ಮೊಹರು ಒಂದು, ನಗದು ಪುಸ್ತಕ, ಒಂದು ಕಾಲು ಅಲುಗಾಡುವ ಕುರ್ಚಿ, ಸ್ಟೇಪ್ಲರ್. ಎಲ್ಲಕ್ಕೂ ಕೊಟ್ಟವರ ಸಹಿ, ಪಡೆದವರ ಸಹಿ. ಸ್ಟೇಪ್ಲರ್ ಕಳೆದರೆ ಜವಾಬ್ದಾರಿ ಯಾರದೆಂದು ಇಡೀ ಇಲಾಖೆಗೆ ಗೊತ್ತು. ನೂರಾರು ಜನರ ಮನೆ-ನಿವೇಶನದ ಹಣೆಬರಹ ತಿದ್ದಬಲ್ಲ ತಮ್ಮ ಹೆಸರು ಆ ಪಟ್ಟಿಯಲ್ಲೇ ಇಲ್ಲ. ಡಿಜಿಟಲ್ ಸಹಿಯ ಡಾಂಗಲ್ ಕೂಡ ಇಲ್ಲ. ಅದು ಕಂಪ್ಯೂಟರ್ ಆಪರೇಟರ್ ಮೇಜಿನ ಡ್ರಾಯರ್‌ನಲ್ಲಿ, ಗುಂಡುಸೂಜಿ ಡಬ್ಬಿಯ ಪಕ್ಕ ಮಲಗಿದೆ.

ವರ್ಗಾವಣೆ ಆದದ್ದು ಸರ್ಕಾರಕ್ಕೇ ಗೊತ್ತಿಲ್ಲವೇನೋ ಎಂದು ಯಾರಾದರೂ ಅಂದುಕೊಂಡರೆ ತಪ್ಪು. ಸಂಬಳದ ಎಚ್‌ಆರ್‌ಎಂಎಸ್‌ಗೆ ಎಲ್ಲ ಗೊತ್ತು. ಇಲ್ಲಿ ಬಿಡುಗಡೆ, ಅಲ್ಲಿ ಸೇರ್ಪಡೆ, ಮುಂದಿನ ಸಂಬಳ ಭದ್ರಾವತಿಯಲ್ಲಿ. ಗುರುತಿನ ಸಂಖ್ಯೆಯೂ ಪ್ರತಿಯೊಬ್ಬ ನೌಕರನಿಗೆ ಒಂದಿದೆ: ಕೆಜಿಐಡಿ ನಂಬರು. ಮೈಸೂರು ಸಂಸ್ಥಾನ 1891ರಲ್ಲಿ ನೌಕರರಿಗಾಗಿ ಶುರುಮಾಡಿದ ವಿಮೆಯ ವಂಶದ ಸಂಖ್ಯೆ ಅದು. ನೌಕರ ಸತ್ತರೆ ಮನೆಯವರಿಗೆ ದುಡ್ಡು ಕೊಡಲೆಂದು ಹುಟ್ಟಿದ್ದು, ಈಗ ನೌಕರ ಬದುಕಿದ್ದಾನೆಂದು ಕಂಪ್ಯೂಟರಿಗೆ ತೋರಿಸುವ ಕೆಲಸಕ್ಕೂ ಬಂದಿದೆ. ಸಂಬಳದ ಗುಮಾಸ್ತ ಬಿಡುಗಡೆ ಎಂದು ಒತ್ತಿದ ಗಳಿಗೆಗೇ ತಮ್ಮ ಕಣ್ಣೂ ಮುಚ್ಚುವಂತೆ ಎರಡು ತಂತ್ರಾಂಶಗಳಿಗೆ ಗಂಟು ಹಾಕಿದ್ದರೆ ಈ ಪತ್ರದ ದರ್ದೇ ಇರುತ್ತಿರಲಿಲ್ಲ. ಸಂಬಳ ಮನುಷ್ಯನ ಬೆನ್ನು ಹತ್ತಿ ಹೋಗುತ್ತದೆ. ಅಧಿಕಾರ ಹಳೇ ಕುರ್ಚಿಯಲ್ಲೇ ಕೂತಿರುತ್ತದೆ.

ತಾವು ಆಲ್ಕೊಳ ನೋಡಿಲ್ಲ. ಸಾಗರ ರಸ್ತೆಯ ನಮ್ಮ ಕಡೆಯ ಹೆಸರು ಪತ್ರಿಕೆಯಲ್ಲಿ ಬರುವುದು ಮುಖ್ಯವಾಗಿ ಕರೆಂಟು ಹೋಗುವ ದಿನ. ‘ಆಲ್ಕೊಳ ವಿದ್ಯುತ್ ವಿತರಣಾ ಕೇಂದ್ರದಲ್ಲಿ ನಿರ್ವಹಣಾ ಕಾಮಗಾರಿ’ ಎಂದು ಮೆಸ್ಕಾಂ ಪ್ರಕಟಣೆ ಕೊಟ್ಟು, ಯಾವ ಯಾವ ಬಡಾವಣೆಗೆ ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಕರೆಂಟಿಲ್ಲ ಎಂದು ಬೀದಿ ಬೀದಿ ಹೆಸರಿಸುತ್ತದೆ. ಆ ದಿನ, ಯುಪಿಎಸ್ ಕೂಡ ಕೈಕೊಟ್ಟರೆ, ತಮಗೂ ವಿಶ್ರಾಂತಿ. ನಾವೆಲ್ಲ ಗೊಣಗುತ್ತೇವೆ. ಆದರೆ ಆ ದಿನ ಕಂಬ ಹತ್ತಿದವನ ಜೀವ ಯಾವುದರ ಮೇಲೆ ನಿಂತಿರುತ್ತದೆ ಗೊತ್ತೇ? ಒಂದು ರಿಜಿಸ್ಟರಿನ ಮೇಲೆ.

ಅದಕ್ಕೆ ಲೈನ್ ಕ್ಲಿಯರ್ ಎನ್ನುತ್ತಾರೆ. ಲೈನ್‌ಮನ್‌ಗಳ ಬಾಯಲ್ಲಿ ಎಲ್‌ಸಿ. ಕೆಲಸ ಮಾಡಿಸುವವರು ಸ್ಟೇಷನ್ನಿನ ಆಪರೇಟರ್ ಬಳಿ ತಮ್ಮ ಹೆಸರಿನಲ್ಲಿ ಎಲ್‌ಸಿ ಪಡೆಯಬೇಕು. ಆಪರೇಟರ್ ಆ ಕಡೆಗೆ ಕರೆಂಟು ಒಯ್ಯುವ ಫೀಡರನ್ನು ಬಿಡಿಸಿ, ಭೂಸಂಪರ್ಕ ಕೊಟ್ಟು, ಯಾರಿಗೆ, ಯಾವ ಲೈನಿಗೆ, ಎಷ್ಟು ಹೊತ್ತಿಗೆ ಎಂದು ಬರೆದುಕೊಳ್ಳುತ್ತಾನೆ. ಕೆಲಸ ಮುಗಿದ ಮೇಲೆ ಎಲ್‌ಸಿ ಪಡೆದವರೇ ಅದನ್ನು ಹಿಂತಿರುಗಿಸಬೇಕು. ಒಂದೇ ಫೀಡರಿನಲ್ಲಿ ಎರಡು ತಂಡ ಕೆಲಸ ಮಾಡುತ್ತಿದ್ದರೆ ಎರಡು ಎಲ್‌ಸಿ, ಎರಡೂ ವಾಪಸ್ ಬಂದ ಮೇಲೆಯೇ ಲೈನ್ ಚಾರ್ಜ್. ಪಾಳಿ ಬದಲಾದರೆ ಬಾಕಿ ಇರುವ ಎಲ್‌ಸಿಗಳನ್ನು ಮುಂದಿನವರಿಗೆ ಲೆಕ್ಕ ಒಪ್ಪಿಸಿ ಹೋಗಬೇಕು. ‘ಅವರು ಊಟಕ್ಕೆ ಹೋಗಿದಾರೆ, ಅವರ ಹೆಸರಲ್ಲಿ ನಾನೇ ವಾಪಸ್ ಕೊಡ್ತೀನಿ, ಸ್ವಿಚ್ ಹಾಕಿ’ ಎಂಬ ಸೌಜನ್ಯಕ್ಕೆ ಅಲ್ಲಿ ಜಾಗವಿಲ್ಲ. ಆ ಸೌಜನ್ಯ ತೋರಿದ ದಿನ ಕಂಬದ ಮೇಲೆ ಹೆಣ.

ಭದ್ರತೆಯ ಪಂಡಿತರು ಪವರ್ ಪಾಯಿಂಟ್ ಹಾಕಿ ಗಂಟೆಗಟ್ಟಲೆ ಹೇಳುವುದೂ ಇಷ್ಟೇ. ಒಬ್ಬರಿಗೆ ಒಂದು ಹೆಸರು, ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ, ಅದೂ ಬೇಕಾದಷ್ಟೇ ಹೊತ್ತು, ಎಲ್ಲಕ್ಕೂ ಬರೆದಿಟ್ಟ ಲೆಕ್ಕ. ನಮ್ಮ ಲೈನ್‌ಮನ್‌ಗಳು ಕಂಪ್ಯೂಟರಿನ ಹಂಗಿಲ್ಲದೆ ಇದನ್ನು ಪಾಲಿಸಿಕೊಂಡು ಬಂದಿದ್ದಾರೆ. ತಮ್ಮ ಕಚೇರಿಯಲ್ಲಿ ಪಾಲಿಸದಿರಲು ಕಾರಣ ಒಂದೇ: ಅಲ್ಲಿ ಶಾಕ್ ಹೊಡೆಯುವುದಿಲ್ಲ. ಹೊಡೆದರೂ ವರ್ಷ ಕಳೆದ ಮೇಲೆ, ಅದೂ ಬೇರೆ ಯಾರಿಗೋ.

ಇದು ಸರ್ಕಾರಕ್ಕೆ ತಿಳಿಯದ ವಿದ್ಯೆಯೂ ಅಲ್ಲ. ಕೆಳದಿಯ ಶಿವಪ್ಪನಾಯಕ ಹದಿನೇಳನೇ ಶತಮಾನದಲ್ಲೇ ಭೂಮಿ ಅಳೆಸಿ, ದರ್ಜೆ ಕಟ್ಟಿಸಿ ‘ಶಿಸ್ತು’ ಮಾಡಿದ ಸೀಮೆ ನಮ್ಮದು. ಈ ಶತಮಾನದ ಹೊಸ್ತಿಲಲ್ಲಿ ‘ಭೂಮಿ’ ಯೋಜನೆ ಬಂದಾಗ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು, ಕೈಬರಹದ ಪಹಣಿಗೆ ಬೆಲೆ ಇಲ್ಲವಾಯಿತು, 15 ರೂಪಾಯಿಗೆ ಮುದ್ರಿತ ಪ್ರತಿ ಸಿಕ್ಕಿತು. ಜನ ಆ 15 ರೂಪಾಯಿಯನ್ನು ನೆನಪಿಟ್ಟುಕೊಂಡರು. ನಾನು ನೆನೆಯುವುದು ಇನ್ನೊಂದನ್ನು: ಸಿಬ್ಬಂದಿ ಬರೀ ಪಾಸ್‌ವರ್ಡಿನಿಂದಲ್ಲ, ಬೆರಳಚ್ಚು ಕೊಟ್ಟು ಒಳಗೆ ಹೋಗಬೇಕು ಎಂದು ಆಗಲೇ ನಿಯಮ ಮಾಡಿದ್ದರು. ದಾಖಲೆ ತಿದ್ದಿದವರು ಆಮೇಲೆ ‘ನಾನಲ್ಲ’ ಎನ್ನಬಾರದು ಎಂಬುದು ಲೆಕ್ಕ. ಬೆರಳನ್ನು ಡ್ರಾಯರಿನಲ್ಲಿಟ್ಟು ಭದ್ರಾವತಿಗೆ ಹೋಗಲಾಗದು. ಡಾಂಗಲ್ಲಿಗೆ ಆ ಅಡಚಣೆ ಇಲ್ಲ.

ಕಾನೂನೂ ತಮ್ಮ ಯಜಮಾನರಿಗೆ ಅನುಕೂಲವಾಗಿಲ್ಲ, ತಿಳಿಸಿಬಿಡಿ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 42ನೇ ಕಲಂ ಪ್ರಕಾರ ಡಿಜಿಟಲ್ ಸಹಿಯ ಕೀಲಿ ಯಾರದೋ ಅದನ್ನು ಜೋಪಾನ ಮಾಡುವ ಹೊಣೆಯೂ ಅವರದೇ. ಕೀಲಿ ಕೈತಪ್ಪಿದೆ ಎಂದು ಸಹಿಪತ್ರ ಕೊಟ್ಟ ಸಂಸ್ಥೆಗೆ ತಿಳಿಸುವ ತನಕ ಆಗುವುದೆಲ್ಲ ಅವರ ತಲೆಗೇ. ಇನ್ನೊಬ್ಬರ ಪಾಸ್‌ವರ್ಡನ್ನೋ ಸಹಿಯನ್ನೋ ವಂಚನೆಯಿಂದ ಬಳಸಿದರೆ 66ಸಿ ಕಲಂ ಇದೆ: ಮೂರು ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ಭದ್ರಾವತಿಯಲ್ಲಿ ಕೂತು ‘ನನಗೇನೂ ಗೊತ್ತಿಲ್ಲ’ ಎಂದರೆ, ಗೊತ್ತಿಲ್ಲದಿದ್ದದ್ದೇ ತಪ್ಪು ಎಂದಾಗುತ್ತದೆ.

ಇಷ್ಟು ಬೈದ ಮೇಲೆ ನ್ಯಾಯದ ಮಾತೊಂದನ್ನು ಆಡಲೇಬೇಕು. ಯಾರೂ ಖುಷಿಗಾಗಿ ಲಾಗಿನ್ ಹಂಚುವುದಿಲ್ಲ. ಇಬ್ಬರ ಕೆಲಸಕ್ಕೆ ಅರ್ಧ ಮನುಷ್ಯ, ಅವನಿಗೆ ಹತ್ತಾರು ಆ್ಯಪ್, ಪ್ರತಿಯೊಂದಕ್ಕೂ ಬೇರೆ ಪಾಸ್‌ವರ್ಡ್, ಇವತ್ತೇ ಪ್ರಗತಿ ತೋರಿಸಿ ಎಂಬ ವಾಟ್ಸ್ಆ್ಯಪ್ ಆದೇಶ. ಗ್ರಾಮ ಆಡಳಿತ ಅಧಿಕಾರಿಗಳು 2024ರಲ್ಲಿ ಮುಷ್ಕರಕ್ಕೆ ಕೂತಾಗ ಅವರ ಬೇಡಿಕೆಗಳ ಹಿಂದೆ ಈ ಆ್ಯಪ್‌ಗಳ ಹೊರೆಯೂ ಇತ್ತು. ನೆಟ್ಟಗೆ ಕೆಲಸ ಮಾಡಲು ಬಿಡದ ಕಡೆ ನಿಯಮ ಮುರಿಯುವವನೇ ದಕ್ಷ ಎನಿಸಿಕೊಳ್ಳುತ್ತಾನೆ. ಎಲ್ಲಕ್ಕಿಂತ ಪಾಪ ಎನಿಸುವುದು ಆ ಡ್ರಾಯರಿನ ಮುಂದೆ ಕೂರುವ ಹೊರಗುತ್ತಿಗೆ ಹುಡುಗನ ಸ್ಥಿತಿ. ಸಂಬಳ ಏಜೆನ್ಸಿಯದು, ಕುರ್ಚಿ ಇಲಾಖೆಯದು, ಲಾಗಿನ್ ಸಾಹೇಬರದು. ದಿನವಿಡೀ ಅವನು ಮಾಡಿದ್ದೆಲ್ಲ ಇನ್ನೊಬ್ಬರ ಹೆಸರಿನಲ್ಲಿ ದಾಖಲಾಗುತ್ತದೆ. ಕೆಲಸ ಚೆನ್ನಾಗಿ ನಡೆದರೆ ಪ್ರಶಂಸಾಪತ್ರ ಸಾಹೇಬರಿಗೆ. ಎಡವಟ್ಟಾದರೆ ಮಾತ್ರ ಇಡೀ ಕಚೇರಿಗೆ ಥಟ್ಟನೆ ಅವನ ಹೆಸರು ನೆನಪಾಗುತ್ತದೆ.

ಮಾಲೀಕರಿಲ್ಲದೆ ಉಳಿದ ತಮ್ಮಂಥವರು ಅಮೆರಿಕದಲ್ಲೂ ಇದ್ದಾರೆ, ಹೆಮ್ಮೆಪಡಿ. ಕೊಲೋನಿಯಲ್ ಪೈಪ್‌ಲೈನ್ ಎಂಬ ತೈಲ ಕೊಳವೆ ಕಂಪನಿಯಲ್ಲಿ ಯಾರೂ ಬಳಸದ, ಆದರೆ ಯಾರೂ ಮುಚ್ಚದ ಹಳೆಯ ವಿಪಿಎನ್ ಖಾತೆಯೊಂದಿತ್ತು. ಓಟಿಪಿಯಂಥ ಎರಡನೇ ಬೀಗವೂ ಅದಕ್ಕಿರಲಿಲ್ಲ. ಸೋರಿದ ಒಂದು ಪಾಸ್‌ವರ್ಡ್ ಹಿಡಿದು 2021ರ ಏಪ್ರಿಲ್‌ನಲ್ಲಿ ಕಳ್ಳರು ಅದರ ಮೂಲಕ ಒಳಗೆ ಬಂದರು. ಮೇ 7ರಂದು ಕಂಪನಿ ಇಡೀ ಕೊಳವೆಯನ್ನೇ ನಿಲ್ಲಿಸಿತು. ಪೂರ್ವ ಕರಾವಳಿಯ ಬಂಕುಗಳ ಮುಂದೆ ಕಾರುಗಳ ಸಾಲು, ಕಳ್ಳರ ಕೈಗೆ ಸುಮಾರು 44 ಲಕ್ಷ ಡಾಲರ್ ಒತ್ತೆಹಣ.

ಆದಕಾರಣ ಮಾನ್ಯರಾದ ತಾವು ಕೂಡಲೇ ರಾಜೀನಾಮೆ ಸಲ್ಲಿಸಿ, ಹೊಸ ಸಾಹೇಬರ ಮ್ಯಾಪಿಂಗಿಗೆ ದಾರಿ ಮಾಡಿಕೊಡಬೇಕಾಗಿ ಕೋರುತ್ತೇನೆ. ರಾಜೀನಾಮೆ ಸಲ್ಲಿಸಲು ಲಾಗಿನ್ ಆಗಬೇಕು, ಅದಕ್ಕೂ ಓಟಿಪಿ ಬೇಕು ಎಂಬ ತಾಂತ್ರಿಕ ತೊಡಕು ನನಗೆ ಗೊತ್ತಿದೆ. ಹೋಗುವ ಮುನ್ನ ನನ್ನ ಅರ್ಜಿಗೆ ತಾವೇ ಒಪ್ಪಿಗೆ ಒತ್ತಿಬಿಡಬಹುದಲ್ಲ ಎಂದು ಕ್ಯೂನಲ್ಲಿದ್ದ ಹಿತೈಷಿಯೊಬ್ಬರು ಸೂಚಿಸಿದರು. ದಯವಿಟ್ಟು ಬೇಡ. ನಾಳೆ ನನ್ನ ಖಾತೆ ಕೋರ್ಟಿಗೆ ಹೋದರೆ ಯಾರು ಮಂಜೂರು ಮಾಡಿದ್ದು ಎಂದು ಕೇಳುತ್ತಾರೆ. ಕಟಕಟೆಗೆ ಬರಲು ತಮಗೆ ಕಾಲಿಲ್ಲ.

ತಮ್ಮ ವಿಧೇಯ,
ಆಲ್ಕೊಳದ ಅರ್ಜಿದಾರ

ಪ್ರತಿಯನ್ನು ಮಾಹಿತಿಗಾಗಿ:

ಭದ್ರಾವತಿಯ ಸಾಹೇಬರಿಗೆ. ಮದುವೆ ಮನೆಯಲ್ಲಿ ಊಟ ಮಾತ್ರ ಮಾಡತಕ್ಕದ್ದು.

ಸಂಬಳದ ಗುಮಾಸ್ತರಿಗೆ. ಬಿಡುಗಡೆ ಒತ್ತಿದ ಕೂಡಲೇ ಪಕ್ಕದ ಕೊಠಡಿಯ ಕಂಪ್ಯೂಟರ್ ವಿಭಾಗಕ್ಕೂ ಒಂದು ಕೂಗು ಹಾಕಲು.

ಡ್ರಾಯರಿನ ಮುಂದೆ ಕೂರುವ ಹುಡುಗನಿಗೆ. ನಿನ್ನ ಹೆಸರಿನಲ್ಲಿ ಒಂದು ಐಡಿ ಬೇಕೆಂದು ಇವತ್ತೇ ಅರ್ಜಿ ಕೊಟ್ಟು ಸ್ವೀಕೃತಿ ಪಡೆದುಕೋ. ಐಡಿ ಬರುವವರೆಗೆ ಆ ಡ್ರಾಯರ್ ತೆಗೆಯಬೇಡ. ಯಾಕೆ ತೆಗೆಯಲಿಲ್ಲ ಎಂದು ಕೇಳಿದರೆ, ಹಾಗೆಂದು ಬರೆದುಕೊಡಿ ಸಾರ್ ಎನ್ನು.